ಕೆಂಪು ದೀಪದ ಸಾಕ್ಷಿ

ಓಡುತ್ತಿದ್ದ ಗಾಡಿ ನಡುರಸ್ತೆಯಲ್ಲಿ ನಿಂತರೆ ನಮ್ಮ ಜನ ಮಾಡುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಪೆಟ್ರೋಲ್ ಸದ್ದು ಕೇಳುವುದು. ಆಮೇಲೆ ಪ್ಲಗ್ ಬಿಚ್ಚಿ ಪ್ಯಾಂಟಿಗೆ ಒರೆಸುವುದು. ಅದಕ್ಕೂ ಬಗ್ಗದಿದ್ದರೆ ಕಾರ್ಬುರೇಟರಿಗೆ ಬೈಯುವುದು. ಇಷ್ಟೆಲ್ಲ ಮುಗಿಸಿ, ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಅವನು ಕೀಯನ್ನು ಎರಡು ಸಲ ಆಡಿಸಿ, ‘ಮೇನ್ ಸ್ವಿಚ್ ಹೋಗಿದೆ ಸಾರ್’ ಎಂದು ತೀರ್ಪು ಕೊಡುತ್ತಾನೆ. ಹೊಸ ಸ್ವಿಚ್ ಬರುತ್ತದೆ, ದುಡ್ಡು ಹೋಗುತ್ತದೆ, ವಾರದೊಳಗೆ ಗಾಡಿ ಮತ್ತೆ ಅದೇ ಥರ ನಿಲ್ಲುತ್ತದೆ.

ಹಳೆಯ ಗಾಡಿಗಳ ಬಗ್ಗೆ ಬರೆಯುವ ಈ ಅಂಕಣದಲ್ಲಿ ಈ ವಾರ ಆ ಬಡಪಾಯಿ ಸ್ವಿಚ್ಚಿನ ಪರ ವಕಾಲತ್ತು ವಹಿಸುತ್ತಿದ್ದೇನೆ. ಅದು ಕೆಡುವುದೇ ಇಲ್ಲವೆಂದಲ್ಲ, ಕೆಡುತ್ತದೆ. ಆದರೆ ಕೆಟ್ಟಿದ್ದು ಅದೇ ಎಂದು ಹೇಳುವ ಮೊದಲು ಗಾಡಿಯನ್ನೇ ಕೇಳಬಹುದು. ಉತ್ತರ ಕೊಡುವ ಸಾಕ್ಷಿ ನಮ್ಮ ಕಣ್ಣಮುಂದೆಯೇ ಇರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1961ರಿಂದ ಅಲ್ಲಿ ಜಾವಾ ಬಂತು, ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈ ಗಾಡಿಗಳ ಮೇನ್ ಸ್ವಿಚ್ ಇರುವುದು ಹೆಡ್‌ಲೈಟಿನ ಬುರುಡೆಯ ಮೇಲೆ. ಹಳೆಯ ಮಾದರಿಗಳ ಕೀ ಎಂದರೆ ಹಲ್ಲೇ ಇಲ್ಲದ ಒಂದು ಕಡ್ಡಿ. ಒಬ್ಬರ ಕೀ ಇನ್ನೊಬ್ಬರ ಗಾಡಿಗೆ ಸಲೀಸಾಗಿ ಆಗುತ್ತಿತ್ತು. ಕೀ ಕಳೆದವರು ಮೊಳೆ ತೂರಿಸಿ ಮನೆ ಸೇರಿದ್ದೂ ಉಂಟು. ಕಳ್ಳನನ್ನು ತಡೆಯಲೆಂದು ಮಾಡಿದ ಬೀಗ ಅದಲ್ಲ. ಬ್ಯಾಟರಿಯಿಂದ ಬಂದ ಕರೆಂಟನ್ನು ಎಲ್ಲಿಗೆ ಕಳಿಸಬೇಕು ಎಂದು ನಿರ್ಧರಿಸುವ ಗುಂಡಿ, ಅಷ್ಟೆ. ಬಿಚ್ಚಿ ನೋಡಿದರೆ ಒಳಗೆ ಬೇಕಲೈಟ್ ಬಿಲ್ಲೆ, ಕೆಲವು ಹಿತ್ತಾಳೆ ತಟ್ಟೆಗಳು, ಅವನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಬೇರೇನಿಲ್ಲ.

ಸ್ವಿಚ್ಚಿನ ಬೆನ್ನ ಮೇಲೆ ಅಂಕಿಗಳಿರುತ್ತವೆ. ಯಾವನೋ ಮನಸ್ಸಿಗೆ ಬಂದಂತೆ ಕೊರೆದದ್ದಲ್ಲ. ಜರ್ಮನಿಯ ಡಿನ್ ಸಂಸ್ಥೆ ವಾಹನಗಳ ವೈರಿಂಗಿಗೆಂದು ಗೊತ್ತುಮಾಡಿದ ಲೆಕ್ಕ ಅದು. ಚೆಕ್ ದೇಶದ ಜಾವಾ ಅದನ್ನು ಪಾಲಿಸಿತು, ಅಲ್ಲಿಂದ ಮೈಸೂರಿಗೆ ಬಂತು. 30 ಎಂದರೆ ಬ್ಯಾಟರಿಯಿಂದ ನೇರ ಬರುವ, ಸದಾ ಜೀವವಿರುವ ವೈರು. 15 (ಕೆಲವು ಕಡೆ 15/54) ಎಂದರೆ ಕೀ ಹಾಕಿದ ಮೇಲೆ ಮಾತ್ರ ಜೀವ ಬರುವ, ಇಗ್ನಿಷನ್ ಕಾಯಿಲಿಗೆ ಹೋಗುವ ದಾರಿ. 31 ಅರ್ಥ್. 61 ಡೈನಮೋದಿಂದ ಚಾರ್ಜಿಂಗ್ ದೀಪಕ್ಕೆ ಬರುವ ವೈರು. ಸೆಲ್ಫ್ ಸ್ಟಾರ್ಟರ್ ಇರುವ ಕಾರುಗಳಲ್ಲಿ 50 ಎಂಬುದೊಂದು ಸೇರಿಕೊಳ್ಳುತ್ತದೆ. ಈ ಐದು ಅಂಕಿ ಬಾಯಿಪಾಠ ಮಾಡಿಕೊಂಡವರಿಗೆ ಜರ್ಮನ್ ಪದ್ಧತಿಯ ಯಾವ ಹಳೆಯ ಗಾಡಿಯೂ ಅಪರಿಚಿತವಲ್ಲ.

ಈಗ ಸಾಕ್ಷಿಯ ವಿಷಯ. ಕೀ ಹಾಕಿದ ಕೂಡಲೇ ಹೊತ್ತಿಕೊಳ್ಳುವ ಆ ಪುಟ್ಟ ಕೆಂಪು ದೀಪವನ್ನು ‘ಚಾರ್ಜಿಂಗ್ ಲೈಟು’ ಎಂದು ಕರೆದು ನಾವು ಮರೆತುಬಿಡುತ್ತೇವೆ. ಅದರ ಒಂದು ತುದಿಗೆ ಕರೆಂಟ್ ಬರುವುದು ಸ್ವಿಚ್ಚಿನ 15ರಿಂದ, ಇನ್ನೊಂದು ತುದಿ 61ರ ಮೂಲಕ ಡೈನಮೋಗೆ. ಎಂಜಿನ್ ನಿಂತಿದ್ದಾಗ ಡೈನಮೋದ ಆರ್ಮೆಚರ್ ಮೂಲಕ ಅರ್ಥ್ ಸಿಗುತ್ತದೆ, ದೀಪ ಉರಿಯುತ್ತದೆ. ಎಂಜಿನ್ ತಿರುಗಿ ಡೈನಮೋ ತಾನೇ ಕರೆಂಟ್ ಹುಟ್ಟಿಸತೊಡಗಿದಾಗ ದೀಪದ ಎರಡೂ ತುದಿ ಸಮವಾಗಿ, ಆರುತ್ತದೆ. ಅಂದಮೇಲೆ ಆ ದೀಪಕ್ಕೂ ಇಗ್ನಿಷನ್ ಕಾಯಿಲಿಗೂ ಅನ್ನ ಬರುವುದು ಒಂದೇ ಬಾಗಿಲಿನಿಂದ.

ಇದನ್ನು ತಿಳಿದವರು ಗಾಡಿ ಓಡುತ್ತಿರುವಾಗಲೇ ರೋಗ ಪತ್ತೆ ಮಾಡಬಲ್ಲರು. ಎಂಜಿನ್ ಸತ್ತಿತು ಎಂದುಕೊಳ್ಳಿ. ಕ್ಲಚ್ ಹಿಡಿಯಿರಿ, ರಸ್ತೆಯ ಎಡಕ್ಕೆ ಬನ್ನಿ, ಕೀ ಮುಟ್ಟಬೇಡಿ. ಒಂದೇ ಕ್ಷಣ ಹೆಡ್‌ಲೈಟಿನ ತಲೆಯ ಕಡೆ ನೋಡಿ. ಕೆಂಪು ದೀಪ ಹತ್ತಿದೆಯೇ? ಹಾಗಾದರೆ ಬ್ಯಾಟರಿ, ಫ್ಯೂಸು, ಸ್ವಿಚ್ಚು ಮೂವರೂ ಹೆಚ್ಚುಕಡಿಮೆ ನಿರಪರಾಧಿಗಳು. ಹುಡುಕಬೇಕಾದ್ದು ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ಗುಗಳಲ್ಲಿ, ಇಲ್ಲವೇ ಪೆಟ್ರೋಲಿನಲ್ಲಿ. ದೀಪ ಹತ್ತಲೇ ಇಲ್ಲವೇ? ಕರೆಂಟು 15ರ ತನಕ ಬಂದಿಲ್ಲ. ಆಗ ಪ್ಲಗ್ ಬಿಚ್ಚಿ ಕೈ ಸುಟ್ಟುಕೊಳ್ಳುವುದು ದಂಡ. ಬ್ಯಾಟರಿಯ ಟರ್ಮಿನಲ್, ಅರ್ಥ್ ವೈರ್, ಫ್ಯೂಸ್ ನೋಡಿ, ಕೊನೆಯಲ್ಲಿ ಸ್ವಿಚ್ಚಿಗೆ ಬನ್ನಿ. ಹಸಿರು ನ್ಯೂಟ್ರಲ್ ದೀಪವೂ ಇರುವ ಗಾಡಿಯಾದರೆ ಗೇರ್ ತೆಗೆದು ಅದನ್ನೂ ನೋಡಿ, ಎರಡನೇ ಸಾಕ್ಷಿ ಸಿಕ್ಕಂತಾಯಿತು. ಈ ಉಪಾಯಕ್ಕೆ ಒಂದೇ ಷರತ್ತು: ಗಾಡಿ ಆರೋಗ್ಯವಾಗಿದ್ದಾಗ ಕೆಂಪು ದೀಪ ಸರಿಯಾಗಿ ಉರಿಯುತ್ತಿರಬೇಕು. ಬಲ್ಬ್ ಸುಟ್ಟಿದ್ದರೆ, ಡೈನಮೋದ ಬ್ರಷ್ ಸವೆದಿದ್ದರೆ ಸಾಕ್ಷಿ ಮೂಗ. ಸಾವಿರಾರು ರೂಪಾಯಿ ಕೊಟ್ಟು ಪೇಂಟ್, ಕ್ರೋಮ್ ಮಾಡಿಸುವವರು ಹತ್ತಿಪ್ಪತ್ತು ರೂಪಾಯಿಯ ಈ ಬಲ್ಬನ್ನು ಸತ್ತೇ ಬಿಟ್ಟಿರುತ್ತಾರೆ. ನನಗೆ ಅರ್ಥವಾಗದ ಶೋಕಿ ಅದು.

ಉಬ್ಬು ತಗ್ಗಿನಲ್ಲಿ ಎಂಜಿನ್ ಕೆಮ್ಮಿ ಮತ್ತೆ ಸುಧಾರಿಸಿಕೊಂಡರೆ ಸ್ವಿಚ್ಚಿನ ಮೇಲೆ ಅನುಮಾನ ಪಡಲು ಕಾರಣವಿದೆ. ಸ್ಪ್ರಿಂಗ್ ಸೋತು ತಟ್ಟೆಗಳು ಸರಿಯಾಗಿ ಕೂರದೆ ಇರಬಹುದು. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಸಾಯುತ್ತದೆ ಎಂದರೆ ಸ್ವಿಚ್ಚನ್ನು ಬಿಟ್ಟುಬಿಡಿ. ಹ್ಯಾಂಡಲಿನ ಕತ್ತಿನ ಹತ್ತಿರ ವೈರಿಂಗ್ ಕಿಟ್ ಸಾವಿರಾರು ಸಲ ಮಡಚಿ ಬಿಚ್ಚಿ, ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದರೂ ಒಳಗೆ ತಾಮ್ರ ತುಂಡಾಗಿರುತ್ತದೆ. ಇನ್ನು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಏನೂ ಆಗದವರಂತೆ ಸ್ಟಾರ್ಟ್ ಆಗುವ ಗಾಡಿಯ ರೋಗ ಬಹುಪಾಲು ಕಾಯಿಲಿನದ್ದು ಅಥವಾ ಕಂಡೆನ್ಸರಿನದ್ದು. ಈ ಮೂರನೆಯದರಲ್ಲಿ ಸ್ವಿಚ್ ಬದಲಾಯಿಸಿದವರು ಎಷ್ಟೋ ಮಂದಿ. ಬಿಚ್ಚಿ ಹಾಕುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ, ಒಂದೇ ಒದೆತಕ್ಕೆ ಏಳುತ್ತದೆ, ಯಶಸ್ಸು ಹೊಸ ಸ್ವಿಚ್ಚಿನ ಲೆಕ್ಕಕ್ಕೆ ಹೋಗುತ್ತದೆ.

ಕೂಲಂಕಷವಾಗಿ ಪರೀಕ್ಷಿಸಲು ಏನು ಬೇಕು? ಎಲ್ಲರೂ ಮಲ್ಟಿಮೀಟರ್ ತೆಗೆಯುತ್ತಾರೆ, ಕಂಟಿನ್ಯೂಟಿಗೆ ಇಟ್ಟು 30ಕ್ಕೂ 15ಕ್ಕೂ ಕಡ್ಡಿ ತಾಗಿಸುತ್ತಾರೆ, ಕುಂಯ್ ಎಂದರೆ ‘ಸ್ವಿಚ್ ಓಕೆ’. ನಾನು ಈ ಪರೀಕ್ಷೆಯನ್ನು ನಂಬುವುದಿಲ್ಲ. ಮೀಟರ್ ಕಳಿಸುವ ಕರೆಂಟು ಒಂದು ಮಿಲಿಆಂಪಿಯರಿನ ಆಸುಪಾಸು. ಕಾಯಿಲಿಗೆ ಬೇಕಾದ್ದು ಮೂರು ನಾಲ್ಕು ಆಂಪಿಯರ್. ಹತ್ತು ಎಳೆ ತುಂಡಾಗಿ ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ ಕುಂಯ್ ಎನ್ನುತ್ತದೆ. ನಾಯಿ ದಾಟಿತೆಂದು ಅದೇ ಸಂಕದ ಮೇಲೆ ಲಾರಿ ಬಿಡುವಂಥ ತೀರ್ಮಾನ ಅದು. ಅದರ ಬದಲು ಒಂದು ಹೋಲ್ಡರ್, 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬು, ಎರಡು ವೈರು, ತುದಿಗೆ ಕ್ಲಿಪ್ಪು. ಆಟೋ ಎಲೆಕ್ಟ್ರಿಷಿಯನ್‌ಗಳ ಟೆಸ್ಟ್ ಲ್ಯಾಂಪ್. 6 ವೋಲ್ಟಿನ ಗಾಡಿಗೆ 6 ವೋಲ್ಟಿನದ್ದೇ ಬಲ್ಬು ಹಾಕಿ, ಮೂರೂವರೆ ಆಂಪಿಯರ್ ಎಳೆಯುತ್ತದೆ. ಒಂದು ತುದಿ ಅರ್ಥಿಗೆ, ಇನ್ನೊಂದು ಮೊದಲು 30ಕ್ಕೆ, ಆಮೇಲೆ ಕೀ ಹಾಕಿ 15ಕ್ಕೆ. ಎರಡೂ ಕಡೆ ಒಂದೇ ಥರ ಬೆಳಗಿದರೆ ಸ್ವಿಚ್ ನೆಟ್ಟಗಿದೆ. 15ರಲ್ಲಿ ಮಂಕಾದರೆ ಕೇಸು ಗೆದ್ದಂತೆ. ಬಲ್ಬ್ ಉರಿಯುತ್ತಿರುವಾಗ ಕೀಯನ್ನು ಮೆಲ್ಲಗೆ ಆಡಿಸಿ, ಸ್ವಿಚ್ಚಿನ ತಲೆಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ. ಮಿಣುಕಿದರೆ ಇನ್ನೇನೂ ಕೇಳಬೇಕಿಲ್ಲ.

ಮಲ್ಟಿಮೀಟರನ್ನು ತೀರ ಮೂಲೆಗೆಸೆಯಬೇಕೆಂದೂ ಅಲ್ಲ. ಅದನ್ನು ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ 30ಕ್ಕೆ, ಕಪ್ಪು ಕಡ್ಡಿ 15ಕ್ಕೆ ಹಿಡಿದು, ಕೀ ಹಾಕಿ ಹೆಡ್‌ಲೈಟನ್ನೂ ಉರಿಸಿ. ಒಳ್ಳೆಯ ಸ್ವಿಚ್ ತನಗೆಂದು ವೋಲ್ಟಿನ ಹತ್ತರಲ್ಲಿ ಒಂದೆರಡು ಭಾಗಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಅರ್ಧ ವೋಲ್ಟ್ ತೋರಿಸಿದರೆ ಅದು ದಾರಿಯಲ್ಲೇ ತಿನ್ನುತ್ತಿದೆ ಎಂದರ್ಥ. ಈ ತಿನ್ನುವಿಕೆ 6 ವೋಲ್ಟಿನ ಗಾಡಿಗಳಿಗೆ ಯಾಕೆ ಇಷ್ಟು ಮಾರಕ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 35 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಎಳೆಯುವುದು ಮೂರು ಆಂಪಿಯರ್, 6 ವೋಲ್ಟಿನಲ್ಲಿ ಹತ್ತಿರ ಹತ್ತಿರ ಆರು. ಸ್ವಿಚ್ಚಿನೊಳಗೆ ಕಿಲುಬು ಕಟ್ಟಿ ಬರೀ 0.2 ಓಮ್ ಪ್ರತಿರೋಧ ಹುಟ್ಟಿಕೊಂಡಿತೆನ್ನಿ. ಹೊಸ ಕಾಲದ ಗಾಡಿಗೆ ಅದು ಗೊತ್ತೇ ಆಗದು. ಯೆಜ್ಡಿಯಲ್ಲಿ ಆರರಲ್ಲಿ ಒಂದು ವೋಲ್ಟು ಅಲ್ಲೇ ಮಾಯ. ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಧುಮುಕುತ್ತದೆ. ಆ ಒಂದು ವೋಲ್ಟಿಗೆ ಬೆಳಕು ಅರ್ಧದ ಹತ್ತಿರಕ್ಕೆ ಬರುತ್ತದೆ. ‘ಯೆಜ್ಡಿ ಲೈಟೇ ಹಾಗೆ ಬಿಡಿ, ಬೀಡಿ ಹಚ್ಚಿದ ಹಾಗೆ’ ಎಂದು ನಗುವವರಲ್ಲಿ ಬಹಳ ಜನ ಸ್ವಿಚ್ಚಿನ ಬೆನ್ನು ನೋಡಿಯೇ ಇರುವುದಿಲ್ಲ.

ಕಿಲುಬು ಬಂದಿದ್ದೆಲ್ಲಿಂದ? ಮಲೆನಾಡಿನ ಮಳೆಗಾಲದಿಂದ ಸ್ವಲ್ಪ, ನಮ್ಮ ವಾಟರ್ ಸರ್ವಿಸಿನವರ ಒತ್ತಡದ ಪೈಪಿನಿಂದ ಬಹಳ. ಹೆಡ್‌ಲೈಟಿನ ರಿಮ್ಮಿನ ರಬ್ಬರ್ ಹೋದಮೇಲೆ ಬುರುಡೆಯೊಳಗೆ ನೀರು ಸಲೀಸಾಗಿ ಇಳಿಯುತ್ತದೆ. ಇನ್ನು ಕೆಲವರಿಗೆ ಬೀಗ ಬಿಗಿಯಾಯಿತೆಂದರೆ ಪೆನ್ಸಿಲ್ ಸೀಸದ ಪುಡಿ ಉದುರಿಸುವ ಅಭ್ಯಾಸ. ಮನೆಯ ಬಾಗಿಲಿನ ಬೀಗಕ್ಕೆ ಅದು ಒಳ್ಳೆಯದು. ಕೀ ತೂರುವ ತೂತಿನ ಕೆಳಗೇ ಹಿತ್ತಾಳೆ ತಟ್ಟೆಗಳಿರುವ ಈ ಸ್ವಿಚ್ಚಿಗೆ ಹಾಕಬೇಡಿ, ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಗ್ರೀಸೂ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಹಳೆಯ ಹಲ್ಲುಜ್ಜುವ ಬ್ರಷ್, ತೀರ ನಯವಾದ ಪಾಲಿಷ್ ಪೇಪರಿನ ಒಂದು ಚೂರು ಸಾಕು. ಒರಟು ಪೇಪರಿನಲ್ಲಿ ತಿಕ್ಕಿದರೆ ಗೀರು ಬಿದ್ದು ಮುಂದಿನ ಮಳೆಗಾಲಕ್ಕೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ತಟ್ಟೆಯ ಸ್ಪ್ರಿಂಗ್ ಸೋತಿದ್ದರೆ ಮಾತ್ರ ಏನು ಉಜ್ಜಿದರೂ ಪ್ರಯೋಜನವಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಗಾಡಿಗಳ ಮಾತು. ಮ್ಯಾಗ್ನೆಟಿನಿಂದಲೇ ಕಿಡಿ ಪಡೆಯುವ ಗಾಡಿಗಳಲ್ಲಿ ಇಡೀ ನ್ಯಾಯ ತಿರುವುಮುರುವು. ಹಳೆಯ ಬಜಾಜ್ ಸ್ಕೂಟರು, ಆರ್‌ಎಕ್ಸ್ 100, ಹೀರೋ ಹೋಂಡಾದ ಹಳೆಯ ಬೈಕುಗಳು ಈ ಜಾತಿಯವು. ಇಲ್ಲಿ ಸ್ವಿಚ್ ಕರೆಂಟ್ ಕೊಟ್ಟು ಎಂಜಿನ್ ಓಡಿಸುವುದಿಲ್ಲ, ಕಿಡಿಯ ವೈರನ್ನು ಅರ್ಥ್ ಮಾಡಿ ಎಂಜಿನ್ ಕೊಲ್ಲುತ್ತದೆ. ಆದ್ದರಿಂದ ಸ್ವಿಚ್ಚಿಗೆ ಹೋಗುವ ವೈರ್ ತುಂಡಾದರೆ ಗಾಡಿ ನಿಲ್ಲುವುದಿಲ್ಲ, ಕೀ ತೆಗೆದರೂ ಓಡುತ್ತಲೇ ಇರುತ್ತದೆ. ಒಳಗೆ ನೀರು ಹೊಕ್ಕು ಶಾರ್ಟ್ ಆದರೆ ಕೀ ಆನ್ ಇದ್ದರೂ ಕಿಡಿ ಇಲ್ಲ. ಜಾವಾದಲ್ಲಿ ಕಲಿತ ಪಾಠ ಹಿಡಿದುಕೊಂಡು ಇಲ್ಲಿ ವೋಲ್ಟ್ ಹುಡುಕುತ್ತ ಕೂತರೆ ಸಂಜೆಯಾಗುತ್ತದೆ. ಮಾಡಬೇಕಾದ್ದು ಒಂದೇ: ಸಿಡಿಐ ಡಬ್ಬಿಯಿಂದ ಸ್ವಿಚ್ಚಿಗೆ ಹೋಗುವ ವೈರನ್ನು ಕಳಚಿ ಒದೆಯಿರಿ. ಹೋಂಡಾ ಸಂಪ್ರದಾಯದ ಬೈಕುಗಳಲ್ಲಿ ಅದು ಸಾಮಾನ್ಯವಾಗಿ ಕಪ್ಪು ಮೈಗೆ ಬಿಳಿ ಗೆರೆಯ ವೈರು. ಕಿಡಿ ಬಂತೋ, ತಪ್ಪು ಸ್ವಿಚ್ಚಿನದ್ದು ಅಥವಾ ಆ ವೈರಿನದ್ದು. ಬರಲಿಲ್ಲವೋ, ಸ್ವಿಚ್ಚಿಗೆ ಕ್ಷಮೆ ಕೇಳಿ ಮುಂದಕ್ಕೆ ಹೋಗಿ. ಎಂಜಿನ್ ಹೊತ್ತಿಕೊಂಡರೆ ನಿಲ್ಲಿಸುವುದು ಹೇಗೆಂದು ಗಾಬರಿ ಬೇಡ. ಗೇರಿಗೆ ಹಾಕಿ, ಬ್ರೇಕ್ ಹಿಡಿದು, ಕ್ಲಚ್ ಬಿಡಿ.

ಕಾರುಗಳ ಕೀ ಇನ್ನೊಂದು ಬಗೆಯ ಸುಳಿವು ಕೊಡುತ್ತದೆ. ಮೊದಲೆಲ್ಲ ಕೀ ಬೇರೆ, ಸ್ಟಾರ್ಟರ್ ಗುಂಡಿ ಬೇರೆ. ಒಂದೇ ಕೀ ತಿರುಗಿಸಿ ಎಂಜಿನ್ ಹಚ್ಚುವ ಪದ್ಧತಿಯನ್ನು 1949ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರುಗಳು ರೂಢಿಗೆ ತಂದವು. ಅಂದಿನಿಂದ ಒಂದು ಸ್ವಿಚ್ಚಿನೊಳಗೆ ಎರಡು ಮೂರು ಸ್ವಿಚ್ಚಿನ ಕೆಲಸ ಸೇರಿಕೊಂಡಿತು, ಅವು ಒಂದೊಂದಾಗಿ ಕೆಡತೊಡಗಿದವು. ಕೀ ಹಿಡಿದಿರುವಷ್ಟು ಹೊತ್ತು ಎಂಜಿನ್ ಹೊತ್ತಿಕೊಂಡು, ಬಿಟ್ಟ ತಕ್ಷಣ ಸಾಯುತ್ತದೆಯೇ? ಓಡುವ ಸ್ಥಾನದಲ್ಲಿ 15ಕ್ಕೆ ಕರೆಂಟಿಲ್ಲ; ಕಾಯಿಲಿಗೆ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಾದರೆ ಅದೂ ಸುಟ್ಟಿರಬಹುದು. ಸ್ಟಾರ್ಟರ್ ಎಷ್ಟು ತಿರುಗಿದರೂ ಹೊತ್ತಿಕೊಳ್ಳದೆ, ಕೀ ಬಿಡುವ ಆ ಕೊನೆಯ ಗಳಿಗೆಯಲ್ಲಿ ಮಾತ್ರ ಒಮ್ಮೆ ಕೆಮ್ಮುತ್ತದೆಯೇ? ಸ್ಟಾರ್ಟ್ ಸ್ಥಾನದಲ್ಲಿ 15 ಸತ್ತಿದೆ. ಇದೆರಡೂ ಬಹುಪಾಲು ಸ್ವಿಚ್ಚಿನದ್ದೇ ಕಥೆ, ಸ್ಟಾರ್ಟರ್ ಮೋಟಾರ್ ಬಿಚ್ಚುವವರನ್ನು ತಡೆಯಿರಿ. ಬರೀ ಟಕಟಕ ಸದ್ದು ಬಂದರೆ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ಇರಬೇಕು, ಸ್ಟಾರ್ಟರ್ ಎಳೆಯುವಾಗಲೂ ಒಂಬತ್ತೂವರೆಯ ಕೆಳಗೆ ಬೀಳಬಾರದು.

ಕಾರಿನವರು ಗಮನಿಸಬೇಕಾದ ಇನ್ನೊಂದು ಸಂಗತಿ: ಹೆಚ್ಚಿನ ಕಾರುಗಳಲ್ಲಿ ಕೀ ತೂರುವ ಬೀಗವೂ ಅದರ ಹಿಂದಿನ ವಿದ್ಯುತ್ ಸ್ವಿಚ್ಚೂ ಎರಡು ಬೇರೆ ಬೇರೆ ಭಾಗಗಳು. ಹಿಂದಿನದು ಎರಡು ಸ್ಕ್ರೂಗಳಲ್ಲಿ ಕಳಚಿ ಬರುತ್ತದೆ, ಬೆಲೆಯೂ ಕಡಿಮೆ. ಅದನ್ನು ಬಿಟ್ಟು ಬಾಗಿಲು, ಡಿಕ್ಕಿಗಳ ಸಮೇತ ಇಡೀ ಲಾಕ್ ಸೆಟ್ ಹಾಕಿಸಿಕೊಂಡು ಬರುವವರಿದ್ದಾರೆ. ಬಿಲ್ ಕೊಡುವ ಮೊದಲು ಕೇಳಿ.

ಸ್ವಿಚ್ಚನ್ನು ನಿಜವಾಗಿ ಸುಡುವವರು ನಾವೇ. ಹೆಡ್‌ಲೈಟಿಗೆ 100 ವ್ಯಾಟಿನ ಬಲ್ಬ್ ಜೋಡಿ ಹಾಕಿ, ರಿಲೇ ಇಲ್ಲದೆ ಕಾರ್ಖಾನೆಯ ಹಳೆಯ ವೈರಿನಲ್ಲೇ ಕರೆಂಟ್ ಎಳೆದರೆ ಹದಿನಾರು ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. ಆ ಹೊರೆಗೆ ಮಾಡಿದ ತಟ್ಟೆಗಳಲ್ಲ ಅವು, ಬಣ್ಣ ತಿರುಗಿ ಪ್ಲಾಸ್ಟಿಕ್ ಕರಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿನ ಮೂಲಕ ಹೋಗುವುದು ಅದರ ಸುರುಳಿಗೆ ಬೇಕಾದ ಕಾಲು ಆಂಪಿಯರಿಗೂ ಕಡಿಮೆ, ಭಾರವೆಲ್ಲ ಬ್ಯಾಟರಿಯಿಂದ ನೇರ. ಇನ್ನೊಂದು ಪಾಪ ಕೀ ಗೊಂಚಲು. ಮನೆ, ಆಫೀಸು, ಬೀರು, ಗೇಟಿನ ಬೀಗದ ಕೈಗಳೆಲ್ಲ ಒಂದೇ ಬಳೆಯಲ್ಲಿ ನೇತಾಡುತ್ತಿರುತ್ತವೆ. ಇದು ಬರೀ ಸವೆತದ ಮಾತಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿಕೊಂಡಿತು. ಅವುಗಳ ಸ್ವಿಚ್ಚಿನಲ್ಲಿ ವಿದ್ಯುತ್ ದೋಷವಿರಲಿಲ್ಲ. ಕೀಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಸಣ್ಣ ಸ್ಪ್ರಿಂಗ್ ಗೂಟ ದುರ್ಬಲವಾಗಿತ್ತು. ಗುಂಡಿಗೆ ಇಳಿದಾಗಲೋ ಗೊಂಚಲಿನ ಭಾರಕ್ಕೋ ಕೀ ತಾನೇ ಹಿಂದಕ್ಕೆ ಜಾರಿ ಎಂಜಿನ್ ನಿಲ್ಲುತ್ತಿತ್ತು, ಜೊತೆಗೆ ಪವರ್ ಸ್ಟಿಯರಿಂಗ್ ಹೋಗುತ್ತಿತ್ತು, ಢಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳ ಸಂಖ್ಯೆ 124. ನಡುವೆ ಸ್ಪ್ರಿಂಗನ್ನು ಗಟ್ಟಿ ಮಾಡಿದ್ದರೂ ಬಿಡಿಭಾಗದ ನಂಬರನ್ನು ಬದಲಿಸಿರಲಿಲ್ಲ. ಹಾಗಾಗಿ ಹೊಸ ಕಾರುಗಳು ಸರಿಯಾಗಿ ಓಡುತ್ತಿರುವಾಗ ಹಳೆಯವು ಮಾತ್ರ ಯಾಕೆ ನಿಲ್ಲುತ್ತವೆ ಎಂಬುದು ತನಿಖೆ ಮಾಡಿದವರಿಗೂ ವರ್ಷಗಟ್ಟಲೆ ಹೊಳೆಯಲಿಲ್ಲ.

ಕೊನೆಗೆ ಉಳಿದದ್ದು ‘ಡೈರೆಕ್ಟ್’ ಕೊಡುವ ವಿಷಯ. ಫ್ಯೂಸ್ ಇರುವ ಒಂದು ತುಂಡು ವೈರಿನಿಂದ 30 ಮತ್ತು 15ನ್ನು ಸೇರಿಸಿ ಗಾಡಿ ಓಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಹಾಗೆ ಸೇರಿಸಿದಾಗ ಕೆಮ್ಮು ನಿಂತರೆ ಸ್ವಿಚ್ಚಿನ ಮೇಲಿನ ಆರೋಪ ಸಾಬೀತು. ಅದೇ ವೈರಿಗೆ ಟೇಪ್ ಸುತ್ತಿ, ‘ಸದ್ಯಕ್ಕೆ ನಡೀತದೆ ಸಾರ್’ ಎಂದು ಕಳಿಸುವುದನ್ನು ಮಾತ್ರ ಒಪ್ಪಲಾರೆ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ, ಅದೃಷ್ಟ ಕೆಟ್ಟಿದ್ದರೆ ಕಾಯಿಲೂ ಸುಟ್ಟಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈಗ ಸಿಗುವ ಹೊಸ ಡೂಪ್ಲಿಕೇಟ್ ಸ್ವಿಚ್ಚುಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ತಟ್ಟೆ ತೆಳು, ಸ್ಪ್ರಿಂಗ್ ಮೆತ್ತಗೆ. ಕೊಳ್ಳಲೇಬೇಕಾದರೆ ಅಂಗಡಿಯಲ್ಲೇ ಕೀ ಹಾಕಿ ಹತ್ತು ಸಲ ತಿರುಗಿಸಿ, ಪ್ರತಿ ಸ್ಥಾನದಲ್ಲೂ ಗಟ್ಟಿಯಾಗಿ ಕೂರುತ್ತದೆಯೇ ನೋಡಿ. ತೊಳೆದು ಸರಿಮಾಡಿದ ಹಳೆಯದೇ ಮೇಲೆಂಬುದು ನನ್ನ ಮತ. ಬೇಕಲೈಟ್ ಬಿರುಕು ಬಿಟ್ಟಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಮಾತ್ರ ಬಿಡಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಗಾಡಿಗಳನ್ನು ತೊಳೆದು, ಉಜ್ಜಿ, ಸಾಲಾಗಿ ಹೊರಡುವವರು ಅದಕ್ಕೆ ಮುಂಚಿನ ಒಂದು ಬಿಡುವಿನ ಬೆಳಿಗ್ಗೆ ಹೆಡ್‌ಲೈಟಿನ ರಿಮ್ ಕಳಚಿ ಸ್ವಿಚ್ಚಿನ ಬೆನ್ನು ನೋಡಿಕೊಳ್ಳಿ. ಮುಟ್ಟುವ ಮುನ್ನ ಬ್ಯಾಟರಿಯ ವೈರ್ ತೆಗೆದಿಡಿ, ಯಾವ ಬಣ್ಣದ ವೈರು ಯಾವ ಅಂಕಿಗೆ ಹೋಗಿದೆ ಎಂದು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೆಂಪು ದೀಪದ ಬಲ್ಬು ಸತ್ತಿದ್ದರೆ ಅಂದೇ ಹೊಸದು ಹಾಕಿಬಿಡಿ.